ಬೋರ್ಡು ಬರೆಯಲು ನಾಲ್ಕು ವರ್ಷದ ಕಾಲೇಜೇ?

ಖಾನಾಪುರದಲ್ಲಿ ನಮ್ಮ ಭಾವನವರದು ಸೀರೆ ಅಂಗಡಿ. ಹೋದ ತಿಂಗಳು ಅಲ್ಲಿಗೆ ಯಾರೋ ಬಂದು, ಸೀರೆಗಳ ಕಡೆ ಕಣ್ಣೂ ಹಾಯಿಸದೆ, ಗೋಡೆ ತಟ್ಟಿ ನೋಡಿ ಕೇಳಿದರಂತೆ: "ಬಾಡಿಗಿ ಏನ್ ಹೇಳ್ತೀರಿ?"

"ಯಾವುದರ ಬಾಡಿಗಿ?"

"ಈ ಅಂಗಡೀದ್ರೀ. ಖಾಲಿ ಐತಿ ಅಂತ ನೀವ ಬೋರ್ಡ್ ಹಾಕೀರಲ್ಲ?"

ಆಗಿದ್ದಿಷ್ಟೇ. ಮೇಲೆ ರಿಪೇರಿ ನಡೆದಿದ್ದರಿಂದ ಭಾವನವರು ಅಂಗಡಿಯನ್ನು ನೆಲಮಾಳಿಗೆಗೆ ಇಳಿಸಿದ್ದರು. ಮರಾಠಿಯಲ್ಲಿ 'ಖಾಲೀ' ಅಂದರೆ ಕೆಳಗೆ. ಹುಟ್ಟಿದಾಗಿನಿಂದ ಎರಡೂ ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡಿದ ಭಾವನವರು ಪೇಂಟರ್‌ಗೆ ಹೇಳಿದ್ದು, "ಅಂಗಡಿ ಖಾಲಿ ಐತಿ ಅಂತ ಬರಿ." ಅವನು ಬರೆದ. ಕನ್ನಡದಲ್ಲಿ, ಕೆಂಪಗೆ, ದೊಡ್ಡದಾಗಿ. ಕಿತ್ತೂರು, ಬೈಲಹೊಂಗಲ ಕಡೆಯ ಗಿರಾಕಿಗಳು ಓದಿದರು, ಅಂಗಡಿ ಎದ್ದುಹೋಗಿದೆ ಎಂದುಕೊಂಡು ಪಕ್ಕದ ಅಂಗಡಿಗೆ ನಡೆದರು. (ಪಕ್ಕದವರು ತಿದ್ದಿ ಹೇಳುವ ಗೋಜಿಗೆ ಹೋಗಲಿಲ್ಲ, ಪಾಪ.)

ಈ ಗದ್ದಲದ ನಡುವೆಯೇ ನಾನು ಮಗಳು ಸನ್ಮತಿಯನ್ನು ಕರೆದುಕೊಂಡು, ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯಿಂದ ಖಾನಾಪುರಕ್ಕೆ ಹೋದದ್ದು. ಅವಳ ಪಿಯುಸಿ ಮುಗಿದಿದೆ. ಜಾಹೀರಾತು ಕಲಿಯಬೇಕು, ಆರ್ಟ್ ಡೈರೆಕ್ಟರ್ ಆಗಬೇಕು ಅನ್ನುತ್ತಾಳೆ. ಅಂದರೆ ಒಂದು ಜಾಹೀರಾತು ಕಣ್ಣಿಗೆ ಹೇಗೆ ಕಾಣಬೇಕು, ಎಲ್ಲಿ ಚಿತ್ರ, ಎಲ್ಲಿ ಅಕ್ಷರ, ಯಾವ ಬಣ್ಣ ಎಂದು ತೀರ್ಮಾನಿಸುವ ಕೆಲಸ. ನಮ್ಮವರು ಈ ಅಣ್ಣನನ್ನು ಕೇಳದೆ ಹೆಜ್ಜೆ ಇಡುವವರಲ್ಲ. ಅಣ್ಣ ಬೇಡ ಅಂದರೆ ಬಿ.ಕಾಂ. ಅಷ್ಟೇ. ಫೋನಿನಲ್ಲಿ ಆಗಲೇ ಅರ್ಧ ಬೇಡ ಅಂದೂ ಆಗಿತ್ತು: "ಬೋರ್ಡ್ ಬರಿಯಾಕ ನಾಕ್ ವರ್ಷ ಕಾಲೇಜ ಬೇಕೇನವಾ?"

ದಾರಿಯುದ್ದಕ್ಕೂ ಸನ್ಮತಿ ದುಪಟ್ಟಾದ ತುದಿ ಸುತ್ತುತ್ತಲೇ ಇದ್ದಳು. ಬೋರ್ಡ್ ನೋಡಿದ್ದೇ ತಡ, ನಕ್ಕುಬಿಟ್ಟಳು. ಇವತ್ತೇ ನಗಬೇಕಿತ್ತೇ?

"ನಗತೀ ಏನ?" ಎಂದರು ಭಾವನವರು. "ಖಾಲಿ ಅಂದ್ರ ಕನ್ನಡ ಮಂದೀಗೆ ತಿಳಿಯೂದಿಲ್ಲ, ಕೆಳಗ ಅಂದ್ರ ಮರಾಠಿ ಮಂದೀಗೆ ತಿಳಿಯೂದಿಲ್ಲ. ಏನ್ ಬರಸ್ಲಿ ಹೇಳು."

"ಏನೂ ಬರಸಬ್ಯಾಡ್ರಿ ದೊಡ್ಡಪ್ಪ."

"ಬರಿಲಾರದ ಬೋರ್ಡ್ ತೊಗೊಂಡು ಹಣಿಗೆ ಕಟ್ಟಿಕೊಳ್ಳಲೇನು?"

ಅವಳು ಸೀರೆ ಡಬ್ಬಿಯ ಮುಚ್ಚಳ ಎಳೆದುಕೊಂಡು ಅದರ ಹಿಂದೆ ಚಿತ್ರ ಬರೆದಳು. ಮೇಲೆ ಅಂಗಡಿಯ ಹೆಸರು. ಅದರಡಿಯಿಂದ ಒಂದು ಹಸಿರು ಸೆರಗು, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಹೋಗುತ್ತದೆ. ಅದರ ತುದಿ ಎಲ್ಲಿ ಮುಟ್ಟಿತು ಅಂತ ನೋಡಬೇಕೆಂದರೆ ಇಳಿಯಲೇಬೇಕು. ಅದಕ್ಕೆ ಯಾವ ಭಾಷೆ ಬೇಕು?

ಭಾವನವರು ಮುಚ್ಚಳವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಹೊಗಳಲಿಲ್ಲ. "ಸೆರಗಿಗಿ ಜರಿ ಹಾಕಿಲ್ಲ" ಎಂದರು. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕುಳಿತಾಗ, ತಟ್ಟೆಯಿಂದ ತಲೆ ಎತ್ತದೆ ಕೇಳಿದರು: "ಕಾಲೇಜ ಯಾವ ಊರಾಗ ಐತಿ?"

ಪುಣೆಯಲ್ಲಿ ಎರಡು ಕಾಲೇಜು ಮನಸ್ಸಿನಲ್ಲಿದ್ದವು. ನಮ್ಮ ಜೊತೆ ಭಾವನವರೂ ಹೊರಟರು.

ಮೊದಲನೆಯದು ನನ್ನ ಆಯ್ಕೆ. (ಕಾನ್ವೆಂಟಿನಲ್ಲಿ ಓದಿದವಳು ನಾನು. ಒಳ್ಳೆಯ ಇಂಗ್ಲಿಷಿನ ಬ್ರೋಷರ್ ಕಂಡರೆ ಬೇಗ ಕರಗುತ್ತೇನೆ.) ಗಾಜಿನ ಕಟ್ಟಡ, ಸದ್ದಿಲ್ಲದ ಲಿಫ್ಟು, ಕ್ಯಾಂಟೀನಿನಲ್ಲಿ ಪಾಸ್ತಾ. ಆದರೆ ಸ್ಟುಡಿಯೋದ ಮೇಜುಗಳ ಮೇಲೆ ಒಂದೇ ಒಂದು ಬಣ್ಣದ ಕಲೆ ಇಲ್ಲ. ಬಣ್ಣದ ಕೆಲಸ ಕಲಿಸುವ ಕೋಣೆ, ನನ್ನ ಶೋಕೇಸಿಗಿಂತ ಸ್ವಚ್ಛ! ಗೋಡೆಯ ಮೇಲೆ ಪರದೇಶದ ಪ್ರಸಿದ್ಧ ಜಾಹೀರಾತುಗಳು. "ಇಲ್ಲಿಯ ವಿದ್ಯಾರ್ಥಿಗಳು ಮಾಡಿದ್ದು ಎಲ್ಲಿದೆ?" ಎಂದು ಸನ್ಮತಿ ಕೇಳಿದಳು. ವೆಬ್‌ಸೈಟಿನಲ್ಲಿ ಬರಲಿದೆಯಂತೆ.

ಎರಡನೆಯದರ ಮೆಟ್ಟಿಲು ಸವೆದಿತ್ತು. ಗೋಡೆ ತುಂಬ ವಿದ್ಯಾರ್ಥಿಗಳದೇ ಕೆಲಸ, ಚೆನ್ನಾಗಿದ್ದದ್ದೂ, ಕೆಟ್ಟದ್ದೂ. ಒಂದು ಸಾಬೂನಿನ ಜಾಹೀರಾತಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: 'ಚೆಂದ ಇದೆ. ಆದರೆ ಯಾರಿಗೆ?' ಅದನ್ನು ಬರೆದ ಮೇಷ್ಟ್ರು ವಾರದ ಅರ್ಧದಷ್ಟು ದಿನ ಜಾಹೀರಾತು ಏಜೆನ್ಸಿಯಲ್ಲೇ ಕಳೆಯುವವರು. ಸನ್ಮತಿಯ ಫೈಲಿನ ಹೂವು, ಕುದುರೆಗಳನ್ನೆಲ್ಲ ಸರಸರ ಮಗುಚಿ, ಆ ಮುಚ್ಚಳದ ಮೇಲೆ ಕೈ ನಿಲ್ಲಿಸಿದರು. ಅವಳು ಮರಾಠಿಯಲ್ಲಿ ಕಥೆ ಹೇಳಿದಳು. ಅವರು ಮನಸಾರೆ ನಕ್ಕರು. ಆಮೇಲೆ ಕೇಳಿದರು, "ಓಡುವ ಬಸ್ಸಿನಿಂದ ನೋಡಿದವರಿಗೆ ಇದು ಸೆರಗು ಅಂತ ತಿಳಿಯುತ್ತದೆಯೇ?"

ಸನ್ಮತಿ ಮುಚ್ಚಳವನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಉತ್ತರ ಹುಡುಕಿಕೊಂಡು ಬಾ. ಕ್ಲಾಸು ಶುರುವಾದಾಗ ಕೇಳುತ್ತೇನೆ."

ಹೊರಗೆ ಬಂದ ಭಾವನವರು ಅಲ್ಲೇ ನಿಂತು ತಮ್ಮನಿಗೆ ಫೋನ್ ಹಚ್ಚಿದರು. "ಇದ ಇರ್ಲಿ. ಇಲ್ಲೆ ತಪ್ಪು ತೆಗೀತಾರ. ಹುಡುಗಿ ಕಲೀತಾಳ." ಮರಳುವಾಗ ರೈಲಿನಲ್ಲಿ ಮಗಳು ನನ್ನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೊಡೆದಳು.

ಮೊನ್ನೆ ಸೀಟು ಖಾತ್ರಿಯಾಯಿತು. ಈಗ ಪರಿಚಯದವರ ಫೋನುಗಳು. ಅಲ್ಲಿ ಏನು ಕಲಿಸುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಎಸಿ ಇದೆಯೇ, ಲಿಫ್ಟು ಇದೆಯೇ, ಪಾರ್ಕಿಂಗ್ ಹೇಗೆ, ಊಟ ಚೆನ್ನಾಗಿದೆಯೇ?

ಅಲ್ಲರೀ, ನಾವು ಮಕ್ಕಳಿಗೆ ಹುಡುಕುತ್ತಿರುವುದು ಕಾಲೇಜನ್ನೋ, ಮದುವೆಯ ಮಂಗಲ ಕಾರ್ಯಾಲಯವನ್ನೋ?