ಕುರಿ ದಲಾಲಿ ಸೋಮನಿಂಗನ ಪಾಲಿಸಿ ವ್ಯಾಪಾರ

ಯಂಕಂಚಿಯ ಸೋಮನಿಂಗನಿಗೆ ಐವತ್ತೊಂದು ವರ್ಷ. ಅವನ ಅಣ್ಣತಮ್ಮಂದಿರು ಕುರಿ ಕಾಯುತ್ತಾರೆ. ಇವನು ಕುರಿ ಮಾರಿಸುತ್ತಾನೆ. ಸಿಂದಗಿ, ಇಂಡಿ, ಆಲಮೇಲದ ಸಂತೆಗಳಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ದರ ಕುದುರಿಸುವ ದಲಾಲಿ. ಬಾಯಿಬಿಟ್ಟು ದರ ಹೇಳಿದರೆ ಪಕ್ಕದವನ ಕಿವಿಗೆ ಬೀಳುತ್ತದೆಂದು ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ಮಾತುಕತೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಅದು ನೂರೋ ಸಾವಿರವೋ ಹಿಡಿದವರಿಗೆ ಗೊತ್ತಿರುತ್ತದೆ. ಮೂವತ್ತು ವರ್ಷದಲ್ಲಿ ಹಲ್ಲು ನೋಡಿ ವಯಸ್ಸು ಖಾತ್ರಿ ಮಾಡಿಕೊಳ್ಳದೆ ಯಾರಿಗೂ ಕುರಿ ಕೊಡಿಸಿದವನಲ್ಲ ಎಂಬ ಹೆಸರು ಅವನದು.

ಆ ಹೆಸರಿನ ಮೇಲೆ ಕಣ್ಣು ಹಾಕಿದವನು ಅನಿಲ. ಆಲಮೇಲದ ಹುಡುಗ, ಇಪ್ಪತ್ತೇಳು ವರ್ಷ, ಸಿಂದಗಿಯ ಒಂದು ಖಾಸಗಿ ವಿಮಾ ಕಂಪನಿಯ ಶಾಖೆಯಲ್ಲಿ ನೌಕರಿ. ಹೊಸ ಏಜೆಂಟರನ್ನು ಹುಡುಕಿ ಸೇರಿಸುವುದೇ ಅವನ ಕೆಲಸ. ಒಂದು ದಿನ ಟೈ ಕಟ್ಟಿಕೊಂಡು ಸೋಮನಿಂಗನ ಮನೆಯ ಕಟ್ಟೆಗೆ ಬಂದು ಕೂತ.

"ಕಾಕಾ, ಈ ತಾಲೂಕಿನ್ಯಾಗ ನಿಮಗ ಗುರ್ತಿಲ್ಲದವರು ಯಾರದಾರ? ಕುರಿ ಮಾರಿಸಿದ್ರ ಒಮ್ಮಿ ದಲಾಲಿ. ಪಾಲಿಸಿ ಮಾಡಿಸಿದ್ರ ವರ್ಷಾ ವರ್ಷಾ ಕಮಿಷನ್. ನಿಮಗ ನೀವ ಮಾಲಕರು!"

"ಪಗಾರ?" ಎಂದು ಕೇಳಿದ ಸೋಮನಿಂಗ.

"ಮಾಲಕಗ ಪಗಾರ ಯಾರು ಕೊಡ್ತಾರ ಕಾಕಾ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶೇವಂತೆವ್ವನ ದನಿ ಬಂತು. "ಪಗಾರಿಲ್ಲ, ಬಸ್ ಚಾರ್ಜಿಲ್ಲ, ಮ್ಯಾಲ ಮಾಲಕ ಅನ್ನೋ ಮಾತು ಬ್ಯಾರೆ. ಇಂಥಾ ನೌಕರಿ ನನಗ ಮೂವತ್ತು ವರ್ಷದಿಂದ ಐತಿ ತಮ್ಮಾ, ಇದ ಮನ್ಯಾಗ!"

ಅನಿಲ ನಕ್ಕ. ಸೋಮನಿಂಗನೂ ನಕ್ಕ. ಆದರೆ ಅವನಿಗೆ ಒಳಗೊಳಗೇ ಒಂದು ಆಸೆಯಿತ್ತು: ಕುರಿ ವಾಸನೆಯಿಲ್ಲದ ಒಂದು ಕಸುಬು ಮಾಡಿ ನೋಡಬೇಕು. ಹತ್ತನೆಯ ತರಗತಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ್ದ ಸರ್ಟಿಫಿಕೇಟು ಟ್ರಂಕಿನ ತಳದಿಂದ ಹೊರಬಂತು. ವಿಜಯಪುರದಲ್ಲಿ ಕಂಪ್ಯೂಟರಿನ ಮುಂದೆ ಪರೀಕ್ಷೆ. ಮೌಸು ಹಿಡಿದು ಎಳೆದರೆ ಪರದೆಯ ಮೇಲಿನ ಬಾಣ ಹೊಲ ಹೊಕ್ಕ ಟಗರಿನ ಹಾಗೆ ಎತ್ತೆತ್ತಲೋ ನುಗ್ಗುತ್ತಿತ್ತು. ಹತ್ತು ನಿಮಿಷ ಅದನ್ನು ಪಳಗಿಸುವುದಕ್ಕೇ ಹೋಯಿತು. ಆದರೂ ಪಾಸಾದ. ಬಂದ ಅಂಕಗಳನ್ನು ಮರುದಿನ ಊರಿನಲ್ಲಿ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

ತರಬೇತಿಯ ಮೊದಲ ದಿನವೇ ಅನಿಲ ಒಂದು ಹಾಳೆ ಕೊಟ್ಟು, ಗುರುತಿನವರ ನೂರು ಹೆಸರು ಬರೆಯಲು ಹೇಳಿದ. ಉಳಿದವರು ಮೂವತ್ತಕ್ಕೇ ಪೆನ್ನು ಕಚ್ಚುತ್ತ ಕೂತರು. ಸೋಮನಿಂಗ ಎರಡನೇ ಹಾಳೆ ಕೇಳಿದ.

ಮೊದಲ ತಿಂಗಳು ಒಂಬತ್ತು ಪಾಲಿಸಿ ಆದವು. ಜನ ಕಾಗದ ಓದಲಿಲ್ಲ, ಸೋಮನಿಂಗನ ಮುಖ ನೋಡಿ ಸಹಿ ಮಾಡಿದರು. ತಿಂಗಳ ಕೊನೆಯ ದಿನ ಅನಿಲನ ಫೋನು ಬಂತು. "ಕಾಕಾ, ಇನ್ನೊಂದ ಒಂದು! ಇವತ್ತ ಆದ್ರ ನಮ್ಮ ಶಾಖಾಕ್ಕ ಬಹುಮಾನ ಐತಿ. ದೊಡ್ಡದ ಇರಲಿ."

ಸೋಮನಿಂಗ ದಾವಲಮಲಿಕನ ಬಳಿ ಹೋದ. ಸಂತೆಗೆ ಕುರಿ ಸಾಗಿಸುವ ಟಂಟಂ ಗಾಡಿಯವನು, ಇಪ್ಪತ್ತು ವರ್ಷದ ಗೆಳೆಯ. "ಸೋಮಣ್ಣ, ಇಷ್ಟು ದೊಡ್ಡ ಕಂತು ನನಗ ನೀಗತೈತೇನು?" ಎಂದು ಅವನು ಕೇಳಿದ. "ನೀಗತೈತಿ, ಮಾಡಪಾ" ಎಂದುಬಿಟ್ಟ ಸೋಮನಿಂಗ. ಗೆಳೆಯನ ಗಳಿಕೆ ಎಷ್ಟೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲು ನೋಡದೆ ಕೊಡಿಸಿದ ಮೊದಲ ಕುರಿ ಅದು.

ಶಾಖೆಗೆ ಬಹುಮಾನ ಬಂತು. ಅನಿಲನಿಗೆ ಗೋವಾ ಪ್ರವಾಸ, ಒಂದು ಹೊಳೆಯುವ ಕಪ್, ಗೋಡೆಯ ಮೇಲೆ ದೊಡ್ಡ ಫೋಟೊ. ಸೋಮನಿಂಗನಿಗೆ ಒಂದು ಹೂವಿನ ಗುಚ್ಛ. ಅದನ್ನು ಮನೆಯ ಆಡು ತಿಂದಿತು.

ಮೂರು ವಾರಕ್ಕೆ ದಾವಲಮಲಿಕ ಬಂದ, ಮುಖ ಸಣ್ಣದು ಮಾಡಿಕೊಂಡು. "ಸಿಟ್ಟಾಗಬ್ಯಾಡ ಸೋಮಣ್ಣ. ಮನ್ಯಾಗ ಆಕಿ ಲೆಕ್ಕ ಹಾಕಿ ತೋರಿಸಿದಳು. ಮೂವತ್ತು ದಿನದಾಗ ಪಾಲಿಸಿ ವಾಪಸ್ ಕೊಡಬಹುದಂತ, ಕಾಗದದ ಮ್ಯಾಲ ಬರದೈತಿ."

"ನಾ ಸಿಟ್ಟಾಗಲಿಲ್ಲೋ. ನೀ ಸಿಟ್ಟಾಗಬೇಕಾಗಿತ್ತು" ಎಂದ ಸೋಮನಿಂಗ. ತಾನೇ ಜೊತೆಗೆ ಹೋಗಿ ಪಾಲಿಸಿ ವಾಪಸ್ ಮಾಡಿಸಿದ. ಮುಂದಿನ ತಿಂಗಳು ಅವನ ಕಮಿಷನ್ನಿನಲ್ಲಿ ಆ ದುಡ್ಡು ಮುರಿದುಕೊಂಡರು. ಅದು ಅವನಿಗೆ ಸರಿಯೆಂದೇ ಕಂಡಿತು. ವ್ಯಾಪಾರ ಮುರಿದರೆ ದಲಾಲಿಯೂ ಮುರಿಯಬೇಕು. ಆದರೆ ಆಫೀಸಿನಲ್ಲಿ ಕೂತು ಗೋಡೆಯ ಮೇಲಿನ ಫೋಟೊ ನೋಡುತ್ತಿದ್ದಂತೆ ಇನ್ನೊಂದು ಲೆಕ್ಕ ತಲೆಗೆ ಬಂತು.

"ಅನಿಲಾ, ನಾ ಕಮಿಷನ್ ವಾಪಸ್ ಕೊಟ್ಟೆ. ನೀ ಗೋವಾ ಯಾವಾಗ ವಾಪಸ್ ಕೊಡ್ತಿ?"

"ಗೋವಾ ಹೆಂಗ್ ವಾಪಸ್ ಕೊಡ್ಲಿ ಕಾಕಾ? ನೋಡಿ ಬಂದಾಗೈತಿ."

"ನಾನೂ ಹತ್ತು ಊರು ತಿರುಗಿ ಬಂದಾಗೈತಿ. ಆ ಬಸ್ ಚಾರ್ಜು ಯಾರು ಕೊಡ್ತಾರ?"

ಅನಿಲ ಗಾಜಿನ ಕೋಣೆಯತ್ತ ನೋಡಿದ. ಅಲ್ಲಿ ಶಾಖೆಯ ಮ್ಯಾನೇಜರ್ ವಿದ್ಯಾವತಿ ಕೂತಿದ್ದರು. ಹುಡುಗನಿಗೆ ಬಾಯಿ ಬಿಡಲು ಧೈರ್ಯವಿಲ್ಲವೆಂದು ಸೋಮನಿಂಗನಿಗೆ ತಿಳಿಯಿತು. ಹೆಗಲ ಮೇಲಿನ ಟವೆಲ್ ತೆಗೆದು ಅನಿಲನ ಕೈ ಮೇಲೆ ಹಾಕಿ, ತನ್ನ ಕೈಯನ್ನೂ ಒಳಗೆ ತೂರಿಸಿದ. ಅನಿಲ ಸಣ್ಣವನಿದ್ದಾಗ ಅಜ್ಜನ ಜೊತೆ ಸಂತೆಗೆ ಹೋಗುತ್ತಿದ್ದವನು. ಬೆರಳ ಭಾಷೆ ಮರೆತಿರಲಿಲ್ಲ.

"ಹ್ವಾದ ವರ್ಷ ನೀ ಎಷ್ಟು ಮಂದಿ ಏಜೆಂಟರನ್ನ ಸೇರಿಸಿದಿ?" ಎಂದು ಸೋಮನಿಂಗ ಪಿಸುಗುಟ್ಟಿದ.

ಅನಿಲ ಮೊದಲು ಎರಡು ಬೆರಳು ಹಿಡಿದ, ಆಮೇಲೆ ನಾಲ್ಕು. ಇಪ್ಪತ್ತನಾಲ್ಕು.

"ಈಗ ಎಷ್ಟು ಮಂದಿ ಉಳದಾರ?"

ಅನಿಲ ಮೂರು ಬೆರಳು ಹಿಡಿದ. ಸೋಮನಿಂಗ ಸಂತೆಯಲ್ಲಿ ಎಂಥೆಂಥ ದರ ಕೇಳಿದವನು. ಇಷ್ಟು ಕುಸಿದ ದರ ಮಾತ್ರ ಕೇಳಿರಲಿಲ್ಲ. ಬಿಟ್ಟು ಹೋದ ಇಪ್ಪತ್ತೊಂದು ಮಂದಿಯ ಬೀಗರು, ಸೋದರಮಾವಂದಿರು, ಗೆಳೆಯರೆಲ್ಲ ಪಾಲಿಸಿ ಕೊಂಡಿದ್ದರು. ಬೀಗರು ಮುಗಿದ ಮೇಲೆ ಏಜೆಂಟರೂ ಮುಗಿದಿದ್ದರು.

"ಈ ತಿಂಗಳು ಹತ್ತು ಹೊಸಬರು ಬರಲಿಲ್ಲಂದ್ರ ನನ್ನ ನೌಕರೀನೂ ಹೋಗ್ತೈತಿ ಕಾಕಾ" ಎಂದ ಅನಿಲ, ತುಟಿ ಅಲುಗಿಸದೆ.

ಗಾಜಿನ ಬಾಗಿಲು ತೆರೆಯಿತು. "ಏನ್ ನಡಿಸೀರಿ ಅಲ್ಲಿ ಇಬ್ರೂ?" ಎಂದರು ವಿದ್ಯಾವತಿ.

"ಸಾಹೇಬ್ರ ಕೈ ಉಳುಕೈತ್ರಿ ಮೇಡಂ. ತಿಕ್ಕಾಕತ್ತೇನಿ" ಎಂದ ಸೋಮನಿಂಗ.

ಹತ್ತು ಹೊಸಬರು ಹೇಗೋ ಸಿಕ್ಕರು. ಮೊದಲ ತಿಂಗಳೇ ಒಂಬತ್ತು ಪಾಲಿಸಿ ಮಾಡಿಸಿದ ಧೀರ ಎಂದು ಅವರ ಮುಂದೆ ನಾಲ್ಕು ಮಾತಾಡಲು ಸೋಮನಿಂಗನನ್ನೇ ಕರೆಸಿದರು. ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ನೋಡ್ರಿ, ಈ ಕಸುಬು ಕೆಟ್ಟದ್ದಲ್ಲ. ಮನಿ ಯಜಮಾನ ಹ್ವಾದ ಮ್ಯಾಲ ಪಾಲಿಸಿ ದುಡ್ಡಿನಾಗ ಮಕ್ಕಳು ಸಾಲಿ ಕಲಿತದ್ದು ನಾ ಕಂಡೇನಿ. ಆದ್ರ ಮೊದಲ ವರ್ಷ ಇದರ ಮ್ಯಾಲ ಒಲಿ ಹೊತ್ತೂದಿಲ್ಲ. ಕೈಯಾಗ ಬ್ಯಾರೆ ಗಳಿಕಿ ಇದ್ದವರು ಕುಂದರ್ರಿ. ಇದ್ದ ನೌಕರಿ ಬಿಟ್ಟು ಬಂದವರು ಇವತ್ತ ತಿರುಗಿ ಹೋಗ್ರಿ. ಇನ್ನೊಂದು ಮಾತು: ಗೆಳ್ಯಾಗ ನೀಗದ್ದನ್ನ ಮಾರಬ್ಯಾಡ್ರಿ. ನಾ ಮಾರೇನಿ, ಅದಕ್ಕ ಹೇಳಾಕತ್ತೇನಿ."

ಆರು ಮಂದಿ ಎದ್ದು ಹೋದರು. ಒಬ್ಬ ಹೋಗುವಾಗ ತಟ್ಟೆಯಲ್ಲಿದ್ದ ಎರಡು ಬಿಸ್ಕೀಟು ಜೇಬಿಗೆ ಹಾಕಿಕೊಂಡ. ಅನಿಲ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ವಿದ್ಯಾವತಿ ಸೋಮನಿಂಗನನ್ನು ಒಳಗೆ ಕರೆದು ಜೋರು ಮಾಡಿದರು. "ಹೊಸಬರನ್ನ ಓಡಿಸಾಕ ಕರೆಸಿದ್ವೇನ್ ನಿಮ್ಮನ್ನ?"

"ನಾ ಸುಳ್ಳು ಯಾವುದು ಹೇಳೇನಿ, ಅದೊಂದು ತೋರಿಸ್ರಿ" ಎಂದ. ವಿದ್ಯಾವತಿಯೂ ಒಂದು ಕಾಲಕ್ಕೆ ಚೀಲ ಹೆಗಲಿಗೇರಿಸಿ ಬಸವನ ಬಾಗೇವಾಡಿಯ ಮನೆಮನೆ ತಿರುಗಿದ್ದವರೇ. ಪೇಪರ್‌ವೇಟ್ ಪಕ್ಕಕ್ಕೆ ಸರಿಸಿ, "ಹೋಗ್ರಿ, ಚಹಾ ಕುಡೀರಿ" ಎಂದರು.

ಅನಿಲನಿಗೆ ಎಚ್ಚರಿಕೆಯ ಪತ್ರ ಬಂತು. ಎಂಟು ತಿಂಗಳ ನಂತರ ಅವನೇ ಬಿಟ್ಟು, ಆಲಮೇಲದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿ ತೂಗುವ ಕೆಲಸಕ್ಕೆ ಸೇರಿದ. ಪಗಾರ ಕಡಿಮೆ. ಆದರೆ ಒಂದನೇ ತಾರೀಖಿಗೆ ಬರುತ್ತದೆ, ಟೈ ಕಟ್ಟಬೇಕಾಗಿಲ್ಲ.

ಅಂದು ಎದ್ದು ಹೋಗದ ನಾಲ್ವರೂ ವರ್ಷವಾದರೂ ಉಳಿದುಕೊಂಡರು. ಅವರಲ್ಲಿ ಭುವನೇಶ್ವರಿ ಸಿಂದಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಜಂಪರಿನ ಅಳತೆ ತೆಗೆಯುತ್ತಲೇ ಮನೆಯ ಖರ್ಚು ವಿಚಾರಿಸುತ್ತಾಳೆ, ನೀಗುವಷ್ಟರದ್ದೇ ಪಾಲಿಸಿ ಹೇಳುತ್ತಾಳೆ. ಕಳೆದ ತಿಂಗಳು ಸಂತೆಯ ದಿನ ಸೋಮನಿಂಗನನ್ನು ಹುಡುಕಿಕೊಂಡು ಕುರಿಗಳ ನಡುವೆ ಬಂದಳು.

"ಕಾಕಾ, ಒಬ್ಬಾಕಿ ತಾನ ಬಂದು ದೊಡ್ಡ ಪಾಲಿಸಿ ಕೇಳಿದಳ್ರಿ. ಆಕಿ ಗಂಡನ ಗಳಿಕಿ ಅಷ್ಟಿಲ್ಲ. ನನಗ ಕಮಿಷನ್ ಭಾಳ ಆಗ್ತಿತ್ತು."

"ಏನ್ ಮಾಡಬೇಕಂತಿ?"

"ಮಾಡೂದೇನೈತಿ? ಬ್ಯಾಡ, ಸಣ್ಣದು ತೊಗೋ ಅಂತ ಹೇಳಿ ಬಂದೇನ್ರಿ. ಆದ್ರ ಮುಂಜಾನಿಂದ ಹೊಟ್ಟಿ ಉರಿಯಾಕತ್ತೈತಿ. ಯಾರ ಮುಂದರ ಹೇಳಬೇಕಲ್ರಿ, ಅದಕ್ಕ ಬಂದೆ."

ಸೋಮನಿಂಗ ಜೋರಾಗಿ ನಕ್ಕ. ಪಕ್ಕದ ತಿಂಡಿ ಗಾಡಿಯವನಿಗೆ ಎರಡು ಚಹಾ, ಒಂದು ಪ್ಲೇಟು ಬಿಸಿ ಮಿರ್ಚಿ ಭಜಿ ಹೇಳಿದ.

"ತಿನ್ನವಾ," ಎಂದ, "ಇದರ ಖಾರಕ್ಕ ಆ ಉರಿ ಮರೀತೈತಿ."