ಕರೆಂಟಿಗೆ ಮನಸ್ಸು ನೊಂದ ಭಾನುವಾರ

ಅವನ ಉಗುರುಗಳು ನೀಲಿಯಾಗಿದ್ದವು, ಹತ್ತಕ್ಕೆ ಹತ್ತೂ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟುಗಳಿಗೆ ಬಣ್ಣ ಹಾಕಿ ತೊಳೆಯುವ ಕೆಲಸದವರ ಕೈ ಹಾಗೇ ಇರುತ್ತದೆ. ಎಷ್ಟು ಸೋಪು ತಿಕ್ಕಿದರೂ ಸಂದಿಯಲ್ಲಿ ನೀಲಿ ಉಳಿದುಬಿಡುತ್ತದೆ. ವಾರದಲ್ಲಿ ಆರು ದಿನ ಅವನು ಆ ಕೆಲಸ ಮಾಡುತ್ತಿದ್ದ. ಭಾನುವಾರ ಅದೇ ಕೈಯಲ್ಲಿ ಮೈಕ್ ಹಿಡಿದು ಜನರನ್ನು ನಗಿಸುತ್ತಿದ್ದ, ನಗಿಸುವುದಕ್ಕಿಂತ ಹೆಚ್ಚು ಕೆಣಕುತ್ತಿದ್ದ. ನಮ್ಮ ಸಭಾಂಗಣದ ರಿಜಿಸ್ಟರಿನಲ್ಲಿ ಅವನ ಸಹಿಯ ಪಕ್ಕ ಪ್ರತಿ ವಾರ ಒಂದು ನೀಲಿ ಹೆಬ್ಬೆರಳು ಮೂಡಿರುತ್ತಿತ್ತು.

"ಸಹಿ ಸುಳ್ಳಾದ್ರೂ ಇದು ಸುಳ್ಳಾಗಂಗಿಲ್ಲ ನೋಡ್ರಿ ಸರ," ಎನ್ನುತ್ತಿದ್ದ.

ಪಾರ್ವತಿನಗರದ ನಮ್ಮ ಓಣಿಯ ಸಂಘಕ್ಕೆ ಒಂದು ಚಿಕ್ಕ ಸಭಾಂಗಣವಿದೆ. ಎಂಬತ್ತು ಕುರ್ಚಿ, ಆರು ಫ್ಯಾನು, ಒಂದು ಮೈಕು. ಶಾಲೆಯೊಂದರಲ್ಲಿ ಗುಮಾಸ್ತನಾದ ನಾನು ಅದರ ಕೀಲಿಕೈ ಇಟ್ಟುಕೊಂಡವನು. ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ಕುರ್ಚಿಯ ಕಾಲು ಅಲುಗುತ್ತಿದೆ, ಎಲ್ಲ ಬರೆದಿಡುತ್ತೇನೆ. ಭಾನುವಾರ ಸಂಜೆ ಐದರಿಂದ ಏಳರವರೆಗೆ ಹಾಸ್ಯದವರಿಗೆ ಬಿಟ್ಟಿದ್ದೆವು. ತಲೆಗೆ ಹತ್ತು ನಿಮಿಷ. ಒಂಬತ್ತನೆಯ ನಿಮಿಷಕ್ಕೆ ನಾನು ಹಿಂದಿನ ಸಾಲಿನಿಂದ ಟಾರ್ಚ್ ಹಾಕಬೇಕು. ಮುಗಿಸು ಎಂದು ಅದರ ಅರ್ಥ. ಉಳಿದವರು ಮುಗಿಸುತ್ತಿದ್ದರು. ಇವನು ಮಾತ್ರ, "ಸರ ಹೊಸ ಬ್ಯಾಟ್ರಿ ಹಾಕ್ಸ್ಯಾರ, ತೋರಸಾಕತ್ಯಾರ. ಚಪ್ಪಾಳಿ ತಟ್ರಿ," ಎಂದು ಮುಂದುವರಿಯುತ್ತಿದ್ದ.

ವೇದಿಕೆಯ ಮೇಲೆ ತಾನು ನಗುತ್ತಿರಲಿಲ್ಲ. ಜನ ನಗದಿದ್ದರೆ ಉಗುರುಗಳನ್ನು ಪ್ಯಾಂಟಿಗೆ ಉಜ್ಜುತ್ತ ಸುಮ್ಮನೆ ನಿಲ್ಲುತ್ತಿದ್ದ. ಒಮ್ಮೆ ಹಿಂದಿನಿಂದ ಯಾರೋ, "ಲೇ, ತೆಲುಗಾಗ ಹೇಳಲೇ," ಎಂದು ಕೂಗಿದರು. "ತೆಲುಗಾಗ ಬೈದ್ರ ನಿಮಗ ಪೂರ್ತಿ ತಿಳೀತೈತಿ. ಅದಕ್ಕ ಕನ್ನಡದಾಗ ಬೈಯಾಕತ್ತೀನಿ," ಎಂದ. ಸಿರುಗುಪ್ಪದ ಒಂದು ಮದುವೆಗೆ ನಗಿಸಲು ಕರೆದರೆ, ಗಂಡಿನ ಕಡೆಯವರು ಕೇಳಿ ಪಡೆದ ಸಾಮಾನನ್ನೆಲ್ಲ ಒಂದೊಂದಾಗಿ ಹೊಗಳಿ, ಕೊನೆಗೆ ಹುಡುಗನನ್ನು ಅದರ ಜೊತೆ ಪುಕ್ಕಟೆ ಬಂದ ಸಾಮಾನು ಎಂದನಂತೆ. "ಮೊದಲು ಮೈಕ್ ಕಸಗೊಂಡ್ರು ಸರ, ಆಮ್ಯಾಲೆ ಎಲಿ ಕಸಗೊಂಡ್ರು. ಎಲಿಮ್ಯಾಲೆ ಇನ್ನಾ ಉಪ್ಪು ಅಷ್ಟ ಹಾಕಿದ್ರು," ಎಂದು ನನ್ನ ಮುಂದೆ ಹೇಳಿದ.

"ಯಾಕಪ್ಪ ಬೇಕು ನಿನಗೆ ಇದೆಲ್ಲ?" ಎಂದೆ.

"ಸಿಟ್ಟು ಬಂದ್ರ ಬರ್ಲಿ ಸರ. ನಿದ್ದಿ ಬರಬಾರದು."

ಈ ಮಾತು ಅವನು ಪದೇ ಪದೇ ಆಡುತ್ತಿದ್ದ. ನನಗೋ ಆಗಲೇ ಎಲ್ಲದಕ್ಕೂ ನಿದ್ದೆ ಬರುವ ವಯಸ್ಸು.

ಅವನು ಕುರುಗೋಡು ತಾಲೂಕಿನ ಬಾದನಹಟ್ಟಿಯವನು. ಮನೆಯಲ್ಲಿ ಹೊಲವಿತ್ತು, ಅಪ್ಪ ಇದ್ದ, ಅಕ್ಕ ಇದ್ದಳು. ದಿನಾ ಬೈಕಿನಲ್ಲಿ ಬಂದು ಹೋಗುತ್ತಿದ್ದ. ಯಾಕೆ ಬಂದು ಹೋಗುತ್ತಿದ್ದ ಎಂಬುದು ನನಗೆ ಗೊತ್ತಿತ್ತು.

ಸಭಾಂಗಣದ ಪರಿಚಯಕ್ಕೂ ಎರಡು ವರ್ಷ ಮೊದಲೇ ಅವನು ನಮ್ಮ ಮನೆಗೆ ಬಂದಿದ್ದ, ಮಹಡಿಯ ರೂಮು ಬಾಡಿಗೆಗೆ ಕೇಳಿಕೊಂಡು. ಕೆಲಸದಿಂದ ನೇರ ಬಂದಿದ್ದ. ಮೆಟ್ಟಿಲು ಹತ್ತುವಾಗ ಗೋಡೆಗೆ ಕೈ ಕೊಟ್ಟ. ಸುಣ್ಣದ ಮೇಲೆ ನಾಲ್ಕು ಬೆರಳು ನೀಲಿಯಾಗಿ ಮೂಡಿದವು. ರೂಮು ಅವನಿಗೆ ಹಿಡಿಸಿತು. ಕೆಳಗೆ ಬಂದ ಮೇಲೆ, ಜಾತಿ ತಿಳಿಯಲು ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ: "ನೀವು ಯಾವ ಪೈಕಿ?" ಅವನು ಹೇಳಿದ. ನಾನು ನನ್ನ ಹೆಂಡತಿಯ ಮುಖ ನೋಡಿದೆ. "ತಪ್ಪು ತಿಳೀಬೇಡಪ್ಪ, ನಮ್ಮ ಸಂಬಂಧಿಕರು ಬರೋರಿದ್ದಾರೆ," ಎಂದೆ. ಅವನು ನೀರು ಕುಡಿದು, ಲೋಟ ತಾನೇ ನಲ್ಲಿಯ ಕೆಳಗೆ ತೊಳೆದಿಟ್ಟು ಹೋದ.

ಯಾವ ಸಂಬಂಧಿಕರೂ ಬರುವವರಿರಲಿಲ್ಲ. ಮಹಡಿಗೆ ಬೀಗ ಹಾಕಿದ್ದು ಹಾಗೇ ಉಳಿಯಿತು.

ಸಭಾಂಗಣದಲ್ಲಿ ಮತ್ತೆ ಎದುರಾದಾಗ ಅವನು ಗುರುತು ತೋರಿಸಲಿಲ್ಲ, ನಾನೂ ತೋರಿಸಲಿಲ್ಲ. ಮರೆತಿದ್ದಾನೆ ಎಂದುಕೊಂಡೆ.

ಒಂದು ಭಾನುವಾರ, ಇನ್ನೂ ಬಿಸಿಲಿತ್ತು, ಕಿಟಕಿಗಳು ತೆರೆದಿದ್ದವು. ಅವನು ಮೈಕ್ ಹಿಡಿದು, "ಇದ ಏರಿಯಾದಾಗ ಒಂದು ರೂಮ್ ನೋಡಾಕ ಹೋಗಿದ್ದೆ," ಎಂದು ಶುರು ಮಾಡಿದ. "ಓನರ್ ಭಾಳ ಛಲೋ ಮನಷ್ಯಾ. ನೀರು ಕೊಟ್ರು. ಯಾವ ಪೈಕಿ ಅಂದ್ರು. ಹೇಳಿದೆ. ಸಂಬಂಧಿಕರು ಬರೋರಿದ್ದಾರೆ ಅಂದ್ರು. ಎರಡು ವರ್ಷಾತು, ಆ ಸಂಬಂಧಿಕರು ಇನ್ನಾ ಬಂದಿಲ್ಲ. ಪಾಪ, ಯಾವ ಬಸ್ ಹತ್ತ್ಯಾರೋ ಏನೋ."

ಎಂಬತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗು ಇಳಿಯಲು ಕಾದ. "ಈಗ ಆ ಮನಷ್ಯಾ ಯಾರು ಅಂತ ಹೇಳ್ತೀನಿ," ಎಂದ.

ನಾನು ಎದ್ದು ಹೊರಗಿನ ಪಡಸಾಲೆಗೆ ಹೋಗಿ ಮೇನ್ ಸ್ವಿಚ್ ಕೆಳಗೆಳೆದೆ.

ಮೈಕ್ ಸತ್ತಿತು, ಫ್ಯಾನುಗಳು ನಿಧಾನವಾದವು. ಒಳಗಿನಿಂದ ಅವನ ಬರಿಗಂಟಲು ಕೇಳಿಸಿತು: "ನೋಡ್ರಿ, ಈ ಊರಾಗ ಕರೆಂಟಿಗೂ ಮನಸ್ಸು ನೋಯ್ತೈತಿ." ಅಷ್ಟು ದೊಡ್ಡ ನಗು ಆ ಸಭಾಂಗಣ ಎಂದೂ ಕೇಳಿರಲಿಲ್ಲ. ಆ ಮಾತೇ ಅವನ ಹೆಸರಾಯಿತು. ಕುರುಗೋಡಿನಲ್ಲಿ ಹೇಳಿದ, ಸಿರುಗುಪ್ಪದಲ್ಲಿ ಹೇಳಿದ, ಜನ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ನಮ್ಮಲ್ಲಿ ಅವನು ಹೇಳಿದಾಗಲೆಲ್ಲ ಹಿಂದಿನ ಸಾಲಿನಲ್ಲಿ ಕೂತು ನಾನೂ ನಕ್ಕೆ.

ಆಮೇಲಿನ ಒಂದು ವರ್ಷ ನಾನು ಅವನಿಗೆ ಎರಡು ಮಾತು ಹೇಳುವುದಿತ್ತು. ಸ್ವಿಚ್ ಎಳೆದವನು ನಾನು ಎಂಬುದು ಒಂದು. ರೂಮು ಖಾಲಿ ಇದೆ, ಬಾ ಎಂಬುದು ಇನ್ನೊಂದು. ಪ್ರತಿ ಭಾನುವಾರ ಏಳು ಗಂಟೆಗೆ ಅವನು ರಿಜಿಸ್ಟರಿಗೆ ಸಹಿ ಹಾಕುವಾಗ ಮಾತು ಬಾಯಿಯವರೆಗೆ ಬರುತ್ತಿತ್ತು. ಅಷ್ಟರಲ್ಲಿ ಕುರ್ಚಿ ಎಣಿಸಬೇಕು, ಕಿಟಕಿ ಹಾಕಬೇಕು, ಮನೆಗೆ ಹಾಲು ಒಯ್ಯಬೇಕು. ಮುಂದಿನ ವಾರ ಎಂದುಕೊಳ್ಳುತ್ತಿದ್ದೆ. "ರಸ್ತೆ ನೋಡಿಕೊಂಡು ಹೋಗಪ್ಪ," ಎಂದಷ್ಟೇ ಹೇಳುತ್ತಿದ್ದೆ. "ರಸ್ತಿ ಇದ್ರ ನೋಡ್ಕೊಂಡು ಹೋಗಬೌದು ಸರ," ಎಂದು ಬೈಕ್ ಒದೆಯುತ್ತಿದ್ದ.

ಹಾಗೆ ಊರಿಗೆ ಹೋಗುವಾಗಲೇ, ಕುರುಗೋಡಿನ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಭತ್ತದ ಟ್ರ್ಯಾಕ್ಟರಿಗೆ ಗುದ್ದಿದ. ಇಪ್ಪತ್ತೊಂಬತ್ತು ವಯಸ್ಸು. ಸೋಮವಾರ ಶಾಲೆಯಲ್ಲಿ ಹಾಜರಿ ಪುಸ್ತಕ ತೆಗೆಯುವಾಗ ಸುದ್ದಿ ಗೊತ್ತಾಯಿತು. ನಾನು ಆ ದಿನದ ಕೆಲಸವನ್ನೆಲ್ಲ ಮುಗಿಸಿಯೇ ಎದ್ದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ತಿಂಗಳಾದ ಮೇಲೆ ಅವನ ಅಕ್ಕ ಬಂದಳು, ಸಭಾಂಗಣದ ಕಪಾಟಿನಲ್ಲಿ ಉಳಿದಿದ್ದ ಅವನ ಚೀಲ ಒಯ್ಯಲು. ಮಧ್ಯಾಹ್ನ. ಚೀಲದಲ್ಲಿ ಒಂದು ಟವೆಲ್ಲು, ನೀರಿನ ಬಾಟಲಿ, ಅರ್ಧ ತಿಂದ ಶೇಂಗಾ ಚಿಕ್ಕಿ ಇದ್ದವು. ಅವಳು ರಿಜಿಸ್ಟರಿಗೆ ಸಹಿ ಹಾಕುವಾಗ ಮೇಲಿನ ಸಾಲುಗಳ ನೀಲಿ ಗುರುತಿನ ಮೇಲೆ ಬೆರಳಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಅವತ್ತು ಕರೆಂಟ್ ಹೋಗಿರಲಿಲ್ಲಮ್ಮ. ನಾನೇ ತೆಗೆದಿದ್ದೆ," ಎಂದೆ.

"ಗೊತ್ತಿತ್ರಿ ಅವಗ," ಎಂದಳು, ಪೆನ್ನು ಮುಚ್ಚುತ್ತ. "ಎದುರಿನ ಟೇಲರ್ ಅಂಗಡ್ಯಾಗ ಫ್ಯಾನ್ ತಿರಗಾಕತ್ತಿತ್ತಂತ. ಮನಿಗೆ ಬಂದು ಭಾಳ ನಕ್ಕ. ಅಕ್ಕಾ, ನಮ್ಮ ಸರಗೂ ಸಿಟ್ಟು ಬಂತು, ನಿದ್ದಿ ಹತ್ತಿರಲಿಲ್ಲ ಅವರಿಗೆ, ಅಂದ."

"ನನ್ನ ಹೆಸರು ಹೇಳುವವನಿದ್ದ," ಎಂದೆ.

ಅವಳು ನನ್ನನ್ನು ನೋಡಿದಳು. "ನಿಮ್ಮ ಹೆಸರಾ? ಇಲ್ರಿ. ಆ ಜೋಕ್ ಮೊದಲು ನನ್ನ ಮುಂದನ ಹೇಳಿದ್ದ. ಕೊನಿಗೆ ಅಂವ ತನ್ನ ಹೆಸರ ಹೇಳಾಂವಿದ್ದ. ನಮ್ಮ ಊರಾಗ ಒಬ್ಬ ಮಾಸ್ತರು ಮನಿ ಕೇಳಾಕ ಬಂದಿದ್ರು. ಅವರು ಯಾವ ಪೈಕಿ ಅಂತ ತಿಳಕೊಂಡು ನಮ್ಮಪ್ಪ ಒಲ್ಲೆ ಅಂದ. ಬಾಗಲಾಗ ನಿಂತು, ಸಂಬಂಧಿಕರು ಬರ್ತಾರ ಅಂತ ಸುಳ್ಳು ಹೇಳಿ ಕಳಿಸಿದಾಂವ ಇಂವನ. ಅದನ್ನ ಮಂದಿ ಮುಂದ ಹೇಳಿಬಿಡಬೇಕು ಅಂತ ಭಾಳ ಇತ್ತು ಅವಗ."

"ಆಮೇಲೆ ಯಾಕೆ ಹೇಳಲಿಲ್ಲ?"

"ಕರೆಂಟಿನ ಮಾತಿಗೆ ಮಂದಿ ಹೆಚ್ಚಿಗಿ ನಕ್ರಲ್ಲ. ಅದನ್ನ ಹೇಳ್ರಿ ಅಂತ ಎಲ್ಲಾರು ಕೇಳಾಕತ್ತಿದ್ರು. ಕೊನಿ ಹಂಗ ಉಳೀತು."

ಚೀಲ ಹೆಗಲಿಗೆ ಹಾಕಿಕೊಂಡು ಅವಳು ಬಸ್ಸಿಗೆ ಹೋದಳು. ನಾನು ಕಿಟಕಿಯ ಬಳಿ ನಿಂತೆ. ಎದುರಿನ ಟೇಲರ್ ಅಂಗಡಿಯ ಫ್ಯಾನು ತಿರುಗುತ್ತಿತ್ತು. ಇಷ್ಟು ವರ್ಷ ಅಲ್ಲೇ ಇದ್ದರೂ ನಾನು ಅದನ್ನು ನೋಡಿರಲಿಲ್ಲ.

ಹಾಸ್ಯದವರು ಈಗಲೂ ಬರುತ್ತಾರೆ. ಟಾರ್ಚ್ ಹಾಕಿದೊಡನೆ ಮುಗಿಸುತ್ತಾರೆ.

ಮೊನ್ನೆ ಗಂಡ ಹೆಂಡತಿ ಇಬ್ಬರು ಮನೆಗೆ ಬಂದು ಮಹಡಿ ಬಾಡಿಗೆಗೆ ಇದೆಯೇ ಎಂದರು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಯಾವ ಪೈಕಿ ಅಂತ ಕೇಳ್ರಿ," ಎಂದಳು. ಅವರಿಗೂ ಕೇಳಿಸಿತು. ಆ ಹೆಂಗಸು ಉತ್ತರ ಕೊಡಲು ಬಾಯಿ ತೆರೆದಳು. ನಾನು ಬೇಡವೆಂದು ಕೈ ಆಡಿಸಿ, ಮೊಳೆಯಿಂದ ಕೀಲಿಕೈ ತೆಗೆದು ಕೊಟ್ಟೆ. ಮೆಟ್ಟಿಲು ಹತ್ತುವಾಗ ಅವಳು ಗೋಡೆಯ ನಾಲ್ಕು ನೀಲಿ ಬೆರಳು ನೋಡಿ ನಿಂತಳು.

"ಮೊದಲು ಯಾರಿದ್ರು ಸರ ಇಲ್ಲೆ?"

"ಯಾರೂ ಇರಲಿಲ್ಲಮ್ಮ," ಎಂದೆ. "ಒಬ್ಬರು ಬರೋರಿದ್ದರು."