ಅತ್ತೆ ಸುಲಿದ ಗ್ಲಾಡಿಯೋಲಸ್ ಗೆಡ್ಡೆಗಳು

ಒಲೆಯ ಮೇಲೆ ಬೇಳೆ ಇಟ್ಟು, ಕೊತ್ತಂಬರಿ ತರಲು ಪಕ್ಕದ ಅಂಗಡಿಗೆ ಹೋಗಿದ್ದೆ. ಮರಳಿದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿದ್ದ ಮೊರದ ತುಂಬ ಸುಲಿದ ಗೆಡ್ಡೆಗಳು. ಅವು ಈರುಳ್ಳಿಯಲ್ಲ. ಮಹಡಿಯ ಕುಂಡಗಳಿಂದ ಕಿತ್ತು, ಒಣಗಿಸಿ, ಮಳೆ ಕಳೆದ ಮೇಲೆ ನೆಡಲೆಂದು ನಾನು ಎತ್ತಿಟ್ಟಿದ್ದ ಗ್ಲಾಡಿಯೋಲಸ್. ಐರಿಸ್ ಕುಟುಂಬದ ಹೂಗಿಡ. ಮೆಟ್ಟುಪಾಳ್ಯದ ನರ್ಸರಿಯಿಂದ ತಂದದ್ದು. ಕಂದು ಸಿಪ್ಪೆಯಲ್ಲಿದ್ದಾಗ ಅದು ಈರುಳ್ಳಿಯಂತೆಯೇ ಕಾಣುತ್ತದೆ. ಈರುಳ್ಳಿ ಬುಟ್ಟಿಯ ಪಕ್ಕದಲ್ಲಿ ಇಟ್ಟವಳೂ ನಾನೇ.

ಬೇಳೆಯ ಪಾತ್ರೆಯ ಮುಚ್ಚಳ ಸರಿದಿತ್ತು. ಆ ಗೆಡ್ಡೆ ತಿಂದರೆ ಹೊಟ್ಟೆ ಕೆಡುತ್ತದೆ. ಸೌಟು ಹಾಕಿ ತಳದವರೆಗೆ ಕಲಕಿ ನೋಡಿದೆ. ಬೇಳೆ ಬಿಟ್ಟರೆ ಏನೂ ಇರಲಿಲ್ಲ.

ಹಿಂದಿನ ವಾರ ಅತ್ತೆ ಗ್ಯಾಸ್ ತಿರುಗಿಸಿ, ಹಚ್ಚುವುದನ್ನು ಮರೆತಿದ್ದರು. ಇನ್ನು ಅವರಿಗೆ ಅಡುಗೆಯ ಯಾವ ಕೆಲಸವೂ ಬೇಡ ಎಂದಿದ್ದರು ನನ್ನ ಗಂಡ. ಈರುಳ್ಳಿ ಸುಲಿಯುವುದೊಂದನ್ನಾದರೂ ಅವರಿಗೆ ಬಿಡಿ ಎಂದು ನಾನು ಕೇಳಿಕೊಂಡಿದ್ದೆ. ಇದು ತಿಳಿದರೆ ಅದೂ ಹೋಗುತ್ತಿತ್ತು.

"ಅತ್ತೆ, ಇದ್ನ ಬಾಯಿಗೆ ಹಾಕ್ಕಂಡ್ರಾ?"

"ನಾನೇನ್ ಮಗುವಾ? ಅಂಗಡಿಯವ್ನು ನಿಂಗೆ ಮೋಸ ಮಾಡವ್ನೆ ಕಣಮ್ಮ. ಇದು ವೆಂಗಾಯವೇ ಅಲ್ಲ." ಈರುಳ್ಳಿ ಅವರ ಬಾಯಲ್ಲಿ ತಮಿಳಿನ ವೆಂಗಾಯ. ಎರಡಾಗಿ ಕತ್ತರಿಸಿದ್ದ ಒಂದು ಗೆಡ್ಡೆಯನ್ನು ತೋರಿಸಿದರು. "ನೋಡು, ಒಳಗೆ ಪದರವೇ ಇಲ್ಲ. ಕಣ್ಣಲ್ಲಿ ನೀರೂ ಬರ್ಲಿಲ್ಲ. ಮೊದಲ್ನೇದ್ರಲ್ಲೇ ಗೊತ್ತಾಯ್ತು."

"ಮತ್ತೆ ಎಲ್ಲಾನೂ ಯಾಕೆ ಸುಲಿದ್ರಿ?"

ಅವರು ಸೀರೆಗೆ ಅಂಟಿದ್ದ ಸಿಪ್ಪೆ ಕೊಡವಿದರು.

"ಸುಮ್ಮಾ ಕೂತ್ಕಂಡು ಏನ್ಮಾಡ್ಲಿ?"

ಸಂಜೆ ಮಿಲ್ಲಿನಿಂದ ಬಂದ ಗಂಡ ಮೊರದ ಮುಂದೆ ನಿಂತರು. "ಇದೇನು?"

"ನೆಡೋಕೆ. ಅತ್ತೆ ಕೈಲಿ ಸುಲಿಸ್ದೆ," ಎಂದೆ.

"ಕೂಲಿ ಇನ್ನೂ ಕೊಟ್ಟಿಲ್ಲ ಇವ್ಳು," ಎಂದರು ಅತ್ತೆ. ಗಂಡ ನಕ್ಕು ಕೈಕಾಲು ತೊಳೆಯಲು ಹೋದರು.

ಸಿಪ್ಪೆಯಿಲ್ಲದ ಗೆಡ್ಡೆ ಹೆಚ್ಚು ದಿನ ತಾಳಲಿಕ್ಕಿಲ್ಲವೆಂದು ಮರುದಿನವೇ ನೆಟ್ಟೆವು. ಒಂದೊಂದು ಕುಂಡದಲ್ಲೂ ಅತ್ತೆ ಹೆಬ್ಬೆರಳಿನಿಂದ ಮಣ್ಣು ಒತ್ತಿದರು. ಕೆಲವು ಕೊಳೆತವು. ಉಳಿದವು ಕತ್ತಿಯಂಥ ಎಲೆಗಳನ್ನು ಮೇಲೆತ್ತಿದವು. ಈಗ ಹೂವಿನ ಕಡ್ಡಿಗಳಲ್ಲಿ ಕೆಳಗಿನ ಮೊಗ್ಗುಗಳು ಅರಳಿವೆ; ತುದಿಯವು ಇನ್ನೂ ಹಸಿರು. ಅವನ್ನು ಸುಲಿದದ್ದು ಅತ್ತೆಗೆ ನೆನಪಿಲ್ಲ. ಯಾರ ಮನೆಯ ಹೂ ಎಂದು ಕೇಳುತ್ತಾರೆ. ನಿಮ್ಮದೇ ಎನ್ನುತ್ತೇನೆ.

ಬೆಳಿಗ್ಗೆ ಮೊರದಲ್ಲಿ ಸಣ್ಣ ಈರುಳ್ಳಿ ಹಾಕಿ ಅವರ ಮುಂದಿಟ್ಟು ನಾನೂ ಪಕ್ಕದಲ್ಲಿ ಕೂರುತ್ತೇನೆ. ಮೊದಲನೆಯದನ್ನು ಸುಲಿದು, ಸೆರಗಿನಿಂದ ಕಣ್ಣೊರೆಸಿಕೊಂಡು, "ಇದು ಸರಿ," ಎನ್ನುತ್ತಾರೆ. ಆಮೇಲೆ ನಾನೆದ್ದು ಒಲೆ ಹಚ್ಚುತ್ತೇನೆ.